ಭಾಷೆ ಬತ್ತಿಲ್ಲೆ, ಕೆಲಸ ಬತ್ತಿಲ್ಲೆ, ದುಬೈಗೆ ಹೋಯ್ಕ್

ಬೈಂದೂರಿನಲ್ಲಿ ನನ್ನದೊಂದು ಝೆರಾಕ್ಸ್ ಅಂಗಡಿ ಇದೆ. ಪಹಣಿ, ಆಧಾರ್, ಮದುವೆ ಕಾಗದಗಳ ನಡುವೆ ವಾರಕ್ಕೊಬ್ಬನಾದರೂ ಹುಡುಗ ಮೊಬೈಲ್ ಹಿಡಿದು ಬರುತ್ತಾನೆ. "ಅಣ್ಣಾ, ಇದೊಂದು ಪ್ರಿಂಟ್ ಕೊಡಿ." ನೋಡಿದರೆ ದುಬೈಯದೋ ಕುವೈತಿನದೋ ಆಫರ್ ಲೆಟರ್. ಪ್ರಿಂಟಿಗೆ ಐದು ರೂಪಾಯಿ. ಓದಿ ಹೇಳುವುದಕ್ಕೆ ದುಡ್ಡಿಲ್ಲ, ಆದರೆ ಅರ್ಧ ಗಂಟೆ ಕೂರಬೇಕು. ಹಾಗೆ ಕೂತವರಿಗೆ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

ನಾನು 2011ರ ಸೆಪ್ಟೆಂಬರಿನಲ್ಲಿ ಹೋದವನು. ಆಗ 21 ವರ್ಷ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಡುಮ್ಕಿ. ಮಾತು ಅಂದರೆ ಕುಂದಾಪ್ರ ಕನ್ನಡ. ಶಾಲೆಯಲ್ಲಿ ಹಿಂದಿ ಮೂರನೇ ಭಾಷೆಯಾಗಿತ್ತು, ಅಕ್ಷರ ಓದುತ್ತಿದ್ದೆ, ಯಾರಾದರೂ ಮಾತಾಡಿದರೆ ಮಾತ್ರ ಕಿವಿಗೆ ಹತ್ತುತ್ತಿರಲಿಲ್ಲ. ಕೆಲಸದ ಅನುಭವ ಎಂದರೆ ಬೆಂಗಳೂರಿನ ಒಂದು ಹೊಟೇಲಿನಲ್ಲಿ ಎರಡು ವರ್ಷ ಟೇಬಲ್ ಒರೆಸಿದ್ದು, ಸಪ್ಲೈ ಮಾಡಿದ್ದು. ಕ್ಲೀನಿಂಗ್ ಕಂಪನಿಯ ಹೆಲ್ಪರ್ ಆಗಿ ಹೊಕ್ಕು, ಹನ್ನೆರಡು ವರ್ಷ ಬಿಟ್ಟು ಸ್ಟೋರ್ ಕೀಪರ್ ಆಗಿ ಹೊರಟು ಬಂದೆ. ಹಾಗಾಗಿ ನನಗೆ ಗೊತ್ತಿರುವುದು ಗಲ್ಫ್, ಅದರಲ್ಲೂ ಯುಎಇ, ಅಂದರೆ ದುಬೈ, ಶಾರ್ಜಾ ಇರುವ ದೇಶ. ಕೆನಡಾ, ಜರ್ಮನಿ ಕತೆ ಬೇರೆಯವರನ್ನು ಕೇಳಿ.

ಮೊದಲು ಸಾಲದ ಲೆಕ್ಕ

ಬರುವ ಹುಡುಗರೆಲ್ಲ ಭಾಷೆಗೆ ಹೆದರುತ್ತಾರೆ. ಎಂಬತ್ತೈದು ಸಾವಿರ ಸಾಲಕ್ಕೆ ಯಾರೂ ಹೆದರುವುದಿಲ್ಲ. ನಾನೂ ಹೆದರಿರಲಿಲ್ಲ.

ಏಜೆಂಟನಿಗೆ ನಾನು ಕೊಟ್ಟದ್ದು 85,000 ರೂಪಾಯಿ, ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿಯ ಸಾಲ. ಊರಲ್ಲಿ ತೋರಿಸಿದ ಕಾಗದದಲ್ಲಿ ಸಂಬಳ 1,200 ದಿರ್ಹಮ್ ಇತ್ತು. ಅಲ್ಲಿ ಇಳಿದ ಮೂರನೇ ದಿನ ಇನ್ನೊಂದು ಕಾಗದಕ್ಕೆ ಸಹಿ ಹಾಕಿಸಿದರು, ಅದರಲ್ಲಿ 800. ಮೆಸ್ಸಿಗೆ 200, ಫೋನು ಸೋಪು ಅಂತ 50 ಹೋಗಿ 550 ಉಳಿಯುತ್ತಿತ್ತು. ಆಗ ದಿರ್ಹಮಿಗೆ ಸುಮಾರು 13 ರೂಪಾಯಿ, ಅಂದರೆ ಏಳು ಸಾವಿರ ಚಿಲ್ಲರೆ. ಬಡ್ಡಿಗೆ 2,550, ಮನೆಗೆ ಎರಡು ಸಾವಿರ, ಉಳಿದದ್ದು ಅಸಲಿಗೆ. ಸಾಲ ಮುಗಿಯಲು ಇಪ್ಪತ್ತೆರಡು ತಿಂಗಳು ಹಿಡಿಯಿತು. ಎರಡು ವರ್ಷದ ಕಾಂಟ್ರಾಕ್ಟ್ ಹೆಚ್ಚುಕಡಿಮೆ ಪೂರಾ ನಾನು ದುಡಿದದ್ದು ವೀಸಾ ಮಾರಿದವನಿಗೆ, ಬಡ್ಡಿ ತಿಂದವನಿಗೆ. ಹಿಂದಿ ನನಗೆ ಆರು ತಿಂಗಳಲ್ಲಿ ಬಂದಿತ್ತು.

ಈಗ ನನ್ನ ಅಂಗಡಿಗೆ ಬರುವ ಕಾಗದಗಳಲ್ಲಿ ಹೆಲ್ಪರ್ ಸಂಬಳ 1,000 ದಿರ್ಹಮಿನ ಆಸುಪಾಸು ಇರುತ್ತದೆ, ರೂಮು ಮತ್ತು ಬಸ್ಸು ಕಂಪನಿಯದು, ಊಟ ನಮ್ಮದು. ದಿರ್ಹಮಿಗೆ 24 ರೂಪಾಯಿ ಹಿಡಿಯಿರಿ. ಊಟಕ್ಕೆ, ಮೊಬೈಲಿಗೆ 400 ತೆಗೆದರೆ ಉಳಿಯುವುದು ಹದಿನಾಲ್ಕು ಸಾವಿರ ರೂಪಾಯಿ. ಊಟ, ರೂಮು ಎರಡೂ ಕೊಡುವ ಬೆಂಗಳೂರಿನ ಹೊಟೇಲಿನಲ್ಲಿ ಇಷ್ಟು ಉಳಿಸಬಹುದಲ್ಲ ಎಂದು ಕೇಳಿದರೆ, ಹೌದು, ಉಳಿಸಬಹುದು. ಎರಡು ವರ್ಷ ಊರಿಗೆ ಬರಲಾಗದ ಕಾರಣ ದುಡ್ಡು ಕೈಯಲ್ಲಿ ನಿಲ್ಲುತ್ತದೆ ಎಂಬುದೊಂದೇ ವ್ಯತ್ಯಾಸ, ಅದೂ ಕೆಲವರಿಗೆ. ಈ ಲೆಕ್ಕವನ್ನು ಕಾಗದದ ಮೇಲೆ ಮಾಡದೆ ಮುಂದೆ ಹೆಜ್ಜೆ ಇಡಬೇಡಿ.

ಕಾನೂನು ಏನು ಹೇಳುತ್ತದೆ ಅಂದರೆ, ನಮ್ಮ ಸರ್ಕಾರದಲ್ಲಿ ನೋಂದಾಯಿಸಿದ ಏಜೆಂಟ್ ನಿಮ್ಮಿಂದ ತೆಗೆದುಕೊಳ್ಳಬಹುದಾದ ಸರ್ವಿಸ್ ಚಾರ್ಜ್ ಹೆಚ್ಚೆಂದರೆ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ. 18 ಪರ್ಸೆಂಟ್ ಸೇರಿಸಿದರೆ 35,400. ರಶೀದಿ ಕೊಡಲೇಬೇಕು. ಯುಎಇ ಕಾನೂನಿನ ಪ್ರಕಾರವಂತೂ ನೇಮಕಾತಿ ಖರ್ಚನ್ನು ಕಂಪನಿಯೇ ಹೊರಬೇಕು, ಕೆಲಸಗಾರನ ತಲೆಗೆ ಕಟ್ಟುವಂತಿಲ್ಲ. ಹಾಗಿದ್ದೂ ಲಕ್ಷ ಕೇಳುತ್ತಾರೆ, ನಾವು ಕೊಡುತ್ತೇವೆ. "ಒಂದೂವರೆ ಲಕ್ಷ, ಆದರೆ ಕೆಲಸ ಗ್ಯಾರಂಟಿ" ಎಂದವನು ನಿಮಗೆ ಮಾರುತ್ತಿರುವುದು ಕೆಲಸವನ್ನಲ್ಲ, ಒಂದು ವೀಸಾ ಕಾಗದವನ್ನು. ಬಸ್ಸಿನಲ್ಲಿ ಬ್ಲ್ಯಾಕ್ ಟಿಕೆಟ್ ತಗೊಂಡವನಿಗೆ ಸೀಟು ಇದೆಯೋ ಇಲ್ಲವೋ ಗೊತ್ತಾಗುವುದು ಬಸ್ಸು ಹತ್ತಿದ ಮೇಲೆ.

ಪಾಸ್‌ಪೋರ್ಟಿನ ಕೊನೆಯ ಪುಟ

ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟಿನಲ್ಲಿ ಇಸಿಆರ್ ಎಂದು, ಅಂದರೆ ಹೊರದೇಶಕ್ಕೆ ಕೆಲಸಕ್ಕೆ ಹೋಗುವ ಮೊದಲು ಸರ್ಕಾರದ ತಪಾಸಣೆ ಬೇಕು ಎಂದು, ನಮೂದಾಗಿರುತ್ತದೆ. ಪಾಸಾದವರದ್ದರಲ್ಲಿ ಆ ನಮೂದೇ ಇರುವುದಿಲ್ಲ. ಇಸಿಆರ್ ಇದ್ದವರು ಸೌದಿ, ಯುಎಇ, ಕುವೈತ್, ಕತಾರ್, ಒಮಾನ್, ಬಹ್ರೇನ್, ಮಲೇಷ್ಯಾ, ಥಾಯ್ಲೆಂಡ್ ಸೇರಿ ಒಟ್ಟು 18 ದೇಶಗಳಿಗೆ ಕೆಲಸಕ್ಕೆ ಹೋಗಬೇಕಾದರೆ 1983ರ ಎಮಿಗ್ರೇಶನ್ ಕಾಯ್ದೆಯಡಿ ಕ್ಲಿಯರೆನ್ಸ್, ಅಂದರೆ ಸರ್ಕಾರದ ಅನುಮತಿ, ತೆಗೆದುಕೊಳ್ಳಬೇಕು. ಆ ಕೆಲಸವೆಲ್ಲ ನಡೆಯುವುದು ಇಮೈಗ್ರೇಟ್ ಎಂಬ ಕೇಂದ್ರ ಸರ್ಕಾರದ ತಾಣದಲ್ಲಿ.

ಹುಡುಗರು ಇದನ್ನು ಶನಿ ಅಂದುಕೊಳ್ಳುತ್ತಾರೆ. ನನಗೆ ಹಾಗೆ ಅನಿಸುವುದಿಲ್ಲ. ಕ್ಲಿಯರೆನ್ಸ್ ಆಗಬೇಕಾದರೆ ಕಂಪನಿಯ ಹೆಸರು, ನಿಮ್ಮ ಸಂಬಳ, ಕೆಲಸದ ಹೆಸರು ಎಲ್ಲ ಸರ್ಕಾರದ ದಾಖಲೆಗೆ ಹೋಗುತ್ತದೆ. ಪ್ರವಾಸಿ ಭಾರತೀಯ ಬಿಮಾ ಯೋಜನೆಯ ವಿಮೆ ಕಡ್ಡಾಯ. ಎರಡು ವರ್ಷಕ್ಕೆ 275, ಮೂರು ವರ್ಷಕ್ಕೆ 375 ರೂಪಾಯಿ, ಮೇಲೆ ಟ್ಯಾಕ್ಸು. ಅಪಘಾತದಲ್ಲಿ ಜೀವ ಹೋದರೆ, ಶಾಶ್ವತವಾಗಿ ಅಂಗ ಊನವಾದರೆ ಹತ್ತು ಲಕ್ಷ. ಇಷ್ಟು ಅಗ್ಗದ ವಿಮೆಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಹೋಗುವ ಮೊದಲು ಒಂದು ದಿನದ ತರಬೇತಿಯೂ ಇದೆ, ತಪ್ಪಿಸಬೇಡಿ.

ಆದರೂ ಗಣಿತ ಒಂದೇ ಬಾಕಿ ಇದ್ದರೆ ಅದನ್ನು ಪಾಸು ಮಾಡಿ ಹೋಗಿ. ಒಂದೇ ವರ್ಷದಲ್ಲಿ ಮತ್ತೆ ಬರೆಯಲು ಅವಕಾಶ ಕೊಡುತ್ತಾರೆ. ಎಸ್ಸೆಸ್ಸೆಲ್ಸಿ ಇದ್ದರೆ ಕ್ಲಿಯರೆನ್ಸಿನ ಗೋಜಿಲ್ಲ, ಮುಂದೆ ಬಡ್ತಿ ಕೇಳುವಾಗಲೂ ತೋರಿಸಲೊಂದು ಕಾಗದ ಇರುತ್ತದೆ. ಕ್ಲಿಯರೆನ್ಸ್ ಬೇಡ ಎಂದ ಮಾತ್ರಕ್ಕೆ ಏಜೆಂಟನನ್ನು ಪರಿಶೀಲಿಸುವುದೂ ಬೇಡ ಅಂತಲ್ಲ. ಇಸಿಆರ್ ಪಾಸ್‌ಪೋರ್ಟಿನ ಹೆಣ್ಣುಮಕ್ಕಳಿಗೆ 30 ವರ್ಷ ತುಂಬಿರಬೇಕು ಎಂಬ ನಿಯಮವೂ ಇದೆ. ಅದನ್ನು ತಪ್ಪಿಸಿ ಕಳಿಸುತ್ತೇನೆ ಎನ್ನುವವನ ಹತ್ತಿರ ಸುಳಿಯಬೇಡಿ.

ತಪ್ಪಿಸುವ ದಾರಿ ಯಾವುದು ಗೊತ್ತೇ? ವಿಸಿಟ್ ವೀಸಾ, ಅಂದರೆ ಸುತ್ತಾಡಲು ಹೋಗುವವರಿಗೆ ಕೊಡುವ ವೀಸಾ. "ಈಗ ವಿಸಿಟ್‌ನಲ್ಲಿ ಹೋಗು, ಅಲ್ಲಿ ಬದಲಾಯಿಸುತ್ತೇವೆ. ಏರ್‌ಪೋರ್ಟಿನಲ್ಲಿ ಕೇಳಿದರೆ ಮಾವನ ಮನೆಗೆ ಎನ್ನು." ಈ ಮಾವನ ಮಾತು ಬಂತೋ, ಅಲ್ಲಿಗೇ ನಿಲ್ಲಿಸಿ. ಬ್ಯಾಂಕಾಕಿಗೆ ಟಿಕೆಟ್ ಕೊಟ್ಟು, ಡೇಟಾ ಎಂಟ್ರಿ ಕೆಲಸ ಅಂತ ನಂಬಿಸಿ, ಗಡಿ ದಾಟಿಸಿ ಮ್ಯಾನ್ಮಾರಿನ ಸೈಬರ್ ವಂಚನೆ ಅಡ್ಡೆಗಳಿಗೆ ಹಾಕಿದ್ದೂ ಹೀಗೆಯೇ. ಕಲಬುರಗಿ ಕಡೆಯ ಹುಡುಗರು ಸೆಕ್ಯೂರಿಟಿ ಕೆಲಸ ಅಂದುಕೊಂಡು ರಷ್ಯಾಕ್ಕೆ ಹೋಗಿ ಯುದ್ಧದ ನಡುವೆ ಸಿಕ್ಕಿಬಿದ್ದು, 2024ರಲ್ಲಿ ಜೀವ ಉಳಿಸಿಕೊಂಡು ಬಂದದ್ದನ್ನು ನೀವೂ ಟಿವಿಯಲ್ಲಿ ನೋಡಿರಬಹುದು.

ಹೋದ ತಿಂಗಳು ನಾವುಂದ ಕಡೆಯ ಒಬ್ಬ ಬಂದಿದ್ದ. ಏಜೆಂಟನ ಕಾರ್ಡಿನಲ್ಲಿ ಲೈಸೆನ್ಸ್ ನಂಬರ್ ದಪ್ಪಕ್ಷರದಲ್ಲಿತ್ತು. ಇಮೈಗ್ರೇಟ್ ತಾಣದಲ್ಲಿ ನೋಂದಾಯಿತ ಏಜೆಂಟರ ಪಟ್ಟಿ ತೆರೆದು ನೋಡಿದೆವು. ಲೈಸೆನ್ಸ್ ನಿಜವಾದದ್ದೇ, ಆದರೆ ಅವಧಿ ಮುಗಿದಿತ್ತು. ಹೊರಗೆ ಹೋಗಿ ಫೋನ್ ಮಾಡಿದ, ಆ ಕಡೆಯವನು "ರಿನ್ಯೂವಲ್‌ಗೆ ಕೊಟ್ಟಿದ್ದೇವೆ" ಅಂದನಂತೆ. ರಿನ್ಯೂ ಆಗಲಿ, ಆಮೇಲೆ ದುಡ್ಡು ಕೊಡು ಅಂದೆ. ಹುಡುಗನಿಗೆ ನನ್ನ ಮೇಲೇ ಸಿಟ್ಟು ಬಂತು. ಇರಲಿ. ಪಟ್ಟಿ ನೋಡಲು ಐದು ನಿಮಿಷ ಸಾಕು, ನಂಬರ್ ಜೊತೆ ಹೆಸರು, ವಿಳಾಸ, ಊರು ಎಲ್ಲ ಹೊಂದಬೇಕು. ಸರ್ಕಾರದ ದಾರಿಯೇ ಬೇಕೆನ್ನುವವರು ಕರ್ನಾಟಕ ವೃತ್ತಿ ತರಬೇತಿ ಮತ್ತು ಕೌಶಲ್ಯ ಅಭಿವೃದ್ಧಿ ನಿಗಮದ ಅಂತರರಾಷ್ಟ್ರೀಯ ವಲಸೆ ಕೇಂದ್ರವನ್ನೂ ವಿಚಾರಿಸಿ.

ಆಫರ್ ಲೆಟರ್ ಓದುವುದು

ನನಗಾದ ಹಾಗೆ ಕಾಗದ ಬದಲಿಸುವುದನ್ನು ತಡೆಯಲು ಯುಎಇಯಲ್ಲಿ 2016ರಿಂದ ನಿಯಮ ಬಿಗಿಯಾಗಿದೆ. ಅಲ್ಲಿನ ಕಾರ್ಮಿಕ ಇಲಾಖೆಯ, ಎಲ್ಲರೂ ಮೊಹ್ರೆ ಎನ್ನುತ್ತಾರೆ, ನಮೂನೆಯಲ್ಲೇ ಆಫರ್ ಲೆಟರ್ ಬರಬೇಕು, ನೀವು ಊರಲ್ಲಿ ಸಹಿ ಹಾಕಿದ್ದಕ್ಕಿಂತ ಕಡಿಮೆಯದ್ದಕ್ಕೆ ಅಲ್ಲಿ ಸಹಿ ಹಾಕಿಸುವಂತಿಲ್ಲ. ಅರಬ್ಬಿ, ಇಂಗ್ಲಿಷ್ ಜೊತೆ ಕೆಲಸಗಾರನಿಗೆ ಅರ್ಥವಾಗುವ ಮೂರನೇ ಭಾಷೆಯಲ್ಲೂ ಅದು ಸಿಗುತ್ತದೆ. ಹಿಂದಿ ಇದೆ, ಮಲಯಾಳಂ ಇದೆ, ತಮಿಳು ಇದೆ, ನೇಪಾಳಿಯೂ ಇದೆ. ಕನ್ನಡ ಇಲ್ಲ. ಹಿಂದಿಯದ್ದನ್ನು ಕೇಳಿ ತೆಗೆದುಕೊಳ್ಳಿ, ಮೂರನೇ ಭಾಷೆಯ ಪುಸ್ತಕ ಓದಿದ್ದು ಅಲ್ಲಾದರೂ ಪ್ರಯೋಜನಕ್ಕೆ ಬರುತ್ತದೆ.

ಅದರಲ್ಲಿ ನಾನು ಮೊದಲು ಬೆರಳಿಡುವುದು ಬೇಸಿಕ್, ಅಂದರೆ ಮೂಲ ಸಂಬಳ, ಎಂಬಲ್ಲಿ. ಒಟ್ಟು 1,000 ಎಂದಿರುತ್ತದೆ, ಒಳಗೆ ನೋಡಿದರೆ ಬೇಸಿಕ್ 500, ಉಳಿದದ್ದು ಅಲೋವೆನ್ಸ್. ಹುಡುಗರು ಒಟ್ಟು ನೋಡಿ ಖುಷಿಪಡುತ್ತಾರೆ. ಕೆಲಸ ಬಿಟ್ಟು ಬರುವಾಗ ಸಿಗುವ ಗ್ರಾಚ್ಯುಟಿ ಬೇಸಿಕ್ ಮೇಲೆ. ಒಂದು ವರ್ಷ ತುಂಬಿದವರಿಗೆ, ಮೊದಲ ಐದು ವರ್ಷ ವರ್ಷಕ್ಕೆ 21 ದಿನದ ಬೇಸಿಕ್, ಆಮೇಲೆ 30 ದಿನದ್ದು. ಬೇಸಿಕ್ 900 ಇದ್ದರೆ ಐದು ವರ್ಷಕ್ಕೆ 3,150 ದಿರ್ಹಮ್, 500 ಇದ್ದರೆ 1,750. ಓವರ್‌ಟೈಮಿನ ಲೆಕ್ಕವೂ ಬೇಸಿಕ್ ಮೇಲೆಯೇ: ಹಗಲು ಕಾಲು ಪಾಲು ಹೆಚ್ಚು, ರಾತ್ರಿ ಹತ್ತರಿಂದ ಬೆಳಗಿನ ನಾಲ್ಕರ ಒಳಗಾದರೆ ಅರ್ಧ ಪಾಲು ಹೆಚ್ಚು. ವಾರಕ್ಕೆ 48 ಗಂಟೆಯ ಮೇಲೆ ಮಾಡಿದ್ದೆಲ್ಲ ಓವರ್‌ಟೈಮ್. ಬಸ್ಸಿನಲ್ಲಿ ಕೂರುವ ಎರಡು ಗಂಟೆ ಯಾರ ಲೆಕ್ಕಕ್ಕೂ ಬರುವುದಿಲ್ಲ, ಅದನ್ನು ಮಾತ್ರ ಮೊದಲೇ ಮನಸ್ಸಿಗೆ ಹೇಳಿಕೊಂಡಿರಿ.

ಎರಡನೆಯದು, ಕೆಲಸದ ಹೆಸರು. "ಹೆಲ್ಪರ್" ಎಂಬ ಪದದೊಳಗೆ ಕಕ್ಕಸು ತೊಳೆಯುವುದರಿಂದ ಹಿಡಿದು ಇಪ್ಪತ್ತನೇ ಮಹಡಿಗೆ ಸಿಮೆಂಟು ಹೊರುವ ತನಕ ಎಲ್ಲ ಸೇರುತ್ತದೆ. ಒಳಗಿನ ಕೆಲಸವೋ ಹೊರಗಿನದೋ ಎಂದು ಬಾಯಿಬಿಟ್ಟು ಕೇಳಿ. ಜೂನ್ 15ರಿಂದ ಸೆಪ್ಟೆಂಬರ್ 15ರ ತನಕ ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರರವರೆಗೆ ಬಿಸಿಲಲ್ಲಿ ಕೆಲಸ ಮಾಡಿಸಬಾರದು ಅಂತ ಅಲ್ಲಿ ಕಾನೂನೇ ಇದೆ. ಬಿಸಿಲು ಹೇಗಿರಬಹುದು ಎಂದು ನೀವೇ ಅಂದಾಜು ಮಾಡಿ. ನಮ್ಮ ಮೇ ತಿಂಗಳ ಸೆಕೆಗೆ ಬೈಯುವವನು ನಾನೀಗ ಅಲ್ಲ.

ಕತಾರ್ ಆದರೆ 2021ರ ಮಾರ್ಚಿನಿಂದ ಎಲ್ಲರಿಗೂ ಕನಿಷ್ಠ ಸಂಬಳ 1,000 ರಿಯಾಲ್, ಊಟ ರೂಮು ಕೊಡದಿದ್ದರೆ ಅದಕ್ಕೆ 300 ಮತ್ತು 500 ಬೇರೆ. ಯುಎಇಯಲ್ಲಿ ನಮ್ಮಂಥವರಿಗೆ ಹಾಗೆ ಗೆರೆ ಎಳೆದಿಲ್ಲ.

ಕೆಲಸ ಬರುವುದಿಲ್ಲ ಅನ್ನುವವರಿಗೆ

ಹೋಗುವ ಮೊದಲು ಮೂರು ತಿಂಗಳು ಇದ್ದರೆ ಒಂದು ಕೆಲಸ ಕಲಿಯಿರಿ. ಐಟಿಐ ಬೇಕಾಗಿಲ್ಲ. ಬೆಂಗಳೂರಿನ ಆ ಹೊಟೇಲಿನಲ್ಲಿ ಎರಡು ವರ್ಷ ನಾನು ದೋಸೆ ಕಾವಲಿಯಿಂದ ನಾಲ್ಕು ಅಡಿ ದೂರ ನಿಂತಿದ್ದೆ, ಒಂದು ದಿನವೂ ಸೌಟು ಹಿಡಿಯಲಿಲ್ಲ. ದುಬೈಯ ಕರಾಮಾದಲ್ಲಿ, ಶಾರ್ಜಾದ ರೋಲಾದಲ್ಲಿ ದೋಸೆ ಮಾಸ್ಟರ್, ಪರೋಟ ಮಾಸ್ಟರ್ ಅಂದರೆ ಮರ್ಯಾದೆಯೇ ಬೇರೆ, ಸಂಬಳ ನಮಗಿಂತ ಎಷ್ಟೋ ಮೇಲೆ. ಉಡುಪಿ ಕುಂದಾಪುರದವನು ಅಂತ ಹೇಳಿದರೆ ಮೊದಲ ಪ್ರಶ್ನೆಯೇ "ದೋಸೆ ಬರ್ತದಾ?" ಇಲ್ಲ ಅನ್ನುವಾಗ ನಾಚಿಕೆಯಾಗುತ್ತಿತ್ತು. ಊರಿನ ಹೊಟೇಲಿನಲ್ಲಿ ಸಂಬಳ ಬೇಡ ಅಂದು ಬೆಳಗಿನ ಹೊತ್ತು ಕಾವಲಿ ಮುಂದೆ ನಿಲ್ಲಿ. ಅದು ಆಗದವರು ಟೈಲ್ಸ್ ಕೂರಿಸುವವನ ಜೊತೆಗೋ ಎಸಿ ರಿಪೇರಿಯವನ ಜೊತೆಗೋ ಹೋಗಿ.

ಅಲ್ಲಿ ಹೋದ ಮೇಲೆ ಮೇಲೇರಿದ್ದು ಹೇಗೆ ಅಂತ ಕೇಳುತ್ತಾರೆ. ನನಗೆ ಒಂದು ನೋಟ್‌ಬುಕ್ ಸಹಾಯ ಮಾಡಿತು. ಸೈಟಿಗೆ ದಿನಾ ಎಷ್ಟು ಕ್ಯಾನ್ ಕೆಮಿಕಲ್ ಬಂತು, ಎಷ್ಟು ಖಾಲಿಯಾಯಿತು ಅಂತ ನನ್ನಷ್ಟಕ್ಕೆ ಕನ್ನಡದಲ್ಲಿ ಬರೆದಿಡುತ್ತಿದ್ದೆ, ಲೆಕ್ಕ ತಪ್ಪಿದರೆ ನನ್ನ ಸಂಬಳಕ್ಕೆ ಬರುತ್ತದೆ ಎಂಬ ಭಯದಿಂದ. ಒಮ್ಮೆ ಇಪ್ಪತ್ತು ಕ್ಯಾನ್ ಕಾಣೆಯಾದಾಗ ಸೂಪರ್‌ವೈಸರ್ ಬಳಿ ಲೆಕ್ಕ ಇರಲಿಲ್ಲ, ನನ್ನ ಬಳಿ ಇತ್ತು. ಅಕ್ಷರ ಅವರಿಗೆ ಅರ್ಥವಾಗದಿದ್ದರೂ ಅಂಕಿ ಅರ್ಥವಾಯಿತು. ನಾಲ್ಕನೇ ವರ್ಷ ಸ್ಟೋರಿಗೆ ಹಾಕಿದರು. ಗಣಿತದಲ್ಲಿ ಡುಮ್ಕಿಯಾದವನು!

ಭಾಷೆ ಬರುವುದಿಲ್ಲ ಅನ್ನುವವರಿಗೆ

ದುಬೈಗೆ ಅರಬ್ಬಿ ಬೇಕು ಅಂತ ಕಲಿಯಲು ಕೂರಬೇಡಿ. ನಿಮಗೆ ಬೇಕಾದದ್ದು ಹಿಂದಿ. ನಿಮ್ಮ ರೂಮಿನ ನೇಪಾಳಿ, ಬಸ್ಸಿನ ಪಠಾಣ ಡ್ರೈವರ್, ಬಾಂಗ್ಲಾದ ಜೊತೆಗಾರ, ಎಲ್ಲರೂ ಕೂಡಿ ಮಾತಾಡುವುದು ಒಂದು ಮುರುಕು ಹಿಂದಿ. ವ್ಯಾಕರಣ ಯಾರಿಗೂ ಸರಿ ಇಲ್ಲ, ಹಾಗಾಗಿ ನಿಮ್ಮದಕ್ಕೆ ಯಾರೂ ನಗುವುದಿಲ್ಲ. ಎರಡನೆಯದು ಮಲಯಾಳಂ. ಕಿರಾಣಿ, ಕೆಫೆಟೇರಿಯಾ, ಟೈಪಿಂಗ್ ಸೆಂಟರ್, ಎಲ್ಲಿ ಹೋದರೂ ಮಲಯಾಳಿ ಇರುತ್ತಾನೆ, ಕರಾವಳಿಯ ಕಿವಿಗೆ ಅದು ಬೇಗ ಹತ್ತುತ್ತದೆ. ಅರಬ್ಬಿಯಲ್ಲಿ "ಯಲ್ಲಾ" (ನಡಿ), "ಮಾಫಿ" (ಇಲ್ಲ), "ಖಲ್ಲಿವಲ್ಲಿ" (ಬಿಟ್ಟುಬಿಡು), "ಬುಕ್ರಾ" ಅಂಥ ಇಪ್ಪತ್ತು ಪದ ತಾನಾಗಿ ಬರುತ್ತದೆ. "ಬುಕ್ರಾ" ಅಂದರೆ ನಾಳೆ, ಆದರೆ ಯಾವ ನಾಳೆ ಅಂತ ಕೇಳಬಾರದು.

ನಾನು ಬಿದ್ದದ್ದೂ ನಾಳೆಯ ಮೇಲೆಯೇ. ಸೇರಿದ ವಾರ ಸೂಪರ್‌ವೈಸರ್ ನನ್ನತ್ತ ಕೈ ತೋರಿಸಿ "ಫೋಟೋ, ಕಲ್ ಲಾನಾ" ಅಂದ. ಹಿಂದಿಯಲ್ಲಿ "ಕಲ್" ಅಂದರೆ ನಾಳೆ ಅಂತ ಪರೀಕ್ಷೆಗೆ ಓದಿದ್ದು ಆ ಹೊತ್ತಿಗೆ ತಲೆಗೆ ಬರಲಿಲ್ಲ. ಬಾಗಿಲು ಹೊಡೆದುಕೊಳ್ಳದ ಹಾಗೆ ಇಟ್ಟಿದ್ದ ತೆಂಗಿನಕಾಯಿ ಗಾತ್ರದ ಕಲ್ಲನ್ನು ಎತ್ತಿಕೊಂಡು ಹೋಗಿ ಅವನ ಮುಂದೆ ಇಟ್ಟೆ. ಹನ್ನೆರಡು ವರ್ಷ ಕಳೆದರೂ ಹಳಬರು ನನ್ನನ್ನು ಕರೆದದ್ದು "ಪತ್ಥರ್", ಅಂದರೆ ಕಲ್ಲು, ಅಂತಲೇ.

ಅದು ನಗುವ ವಿಷಯ. ಇನ್ನೊಂದು ನಗುವುದಲ್ಲ. ಎರಡು ಬಗೆಯ ಕೆಮಿಕಲ್ ಬೇರೆ ಬೇರೆ ಬಳಸಬೇಕು ಎಂದು ಹೇಳಿದಾಗ, ಅರ್ಥವಾಗದೆ ತಲೆಯಾಡಿಸಿದೆ. ಟಾಯ್ಲೆಟ್ ತೊಳೆಯುವ ಆಸಿಡ್ ಚೆಲ್ಲಿದ ಮೇಲೆಯೇ ಬ್ಲೀಚ್ ಹುಯ್ದೆ. ಹೊಗೆ ಎದ್ದು ಉಸಿರು ಕಟ್ಟಿ ಕಾರಿಡಾರಿನಲ್ಲಿ ಕೂತುಬಿಟ್ಟೆ. ಆವತ್ತಿನಿಂದ ಒಂದು ಅಭ್ಯಾಸ ಮಾಡಿಕೊಂಡೆ: ಏನು ಹೇಳಿದರೂ ಅದನ್ನು ಅವರ ಮುಂದೆ ತಿರುಗಿ ಹೇಳುವುದು, ಬಾರದಿದ್ದರೆ ಕೈಯಲ್ಲಿ ಮಾಡಿ ತೋರಿಸುವುದು. ಬೈಸಿಕೊಳ್ಳುತ್ತೀರಿ, ಬೈಸಿಕೊಳ್ಳಿ. ಅರ್ಥವಾಗದೆ "ಹಾಂ ಜೀ" ಅನ್ನಬೇಡಿ.

ರಾತ್ರಿ ಡ್ಯೂಟಿ ಪಟ್ಟಿಯ ಹಿಂಬದಿಯಲ್ಲಿ ಆ ದಿನ ಕೇಳಿದ ಹತ್ತು ಪದ ಬರೆದು ರೂಮಿನ ನೇಪಾಳಿಯನ್ನು ಕೇಳುತ್ತಿದ್ದೆ. ಪೊರಕೆ, ಬಾಲ್ದಿ, ಮೇಲೆ, ಕೆಳಗೆ, ಇವತ್ತು, ನಾಳೆ, ನೋವು, ಜ್ವರ, ಸಂಬಳ ಬಂದಿಲ್ಲ. ಕೊನೆಯದನ್ನು ಮೊದಲೇ ಕಲಿತಿಡಿ.

ಆ ಮಾತು ಹೇಳುವ ದಿನ ಬಂದರೆ ಒಬ್ಬರೇ ಗುದ್ದಾಡಬೇಡಿ. ದುಬೈಯಲ್ಲಿ ಭಾರತ ಸರ್ಕಾರದ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರ ಇದೆ, ಉಚಿತ ನಂಬರ್ 800 46342. ಫೋನಿನ ಕೀಲಿಗಳಲ್ಲಿ 800 ಆದ ಮೇಲೆ INDIA ಎಂದು ಇಂಗ್ಲಿಷ್ ಅಕ್ಷರ ಒತ್ತಿದರೆ ಅದೇ ನಂಬರ್, ಮರೆಯುವುದಿಲ್ಲ. ಸಂಬಳದ ದೂರಿಗೆ ಮೊಹ್ರೆಯ 80084. ಸಂಬಳ ಬ್ಯಾಂಕ್ ಮೂಲಕ ಬರುವ ವ್ಯವಸ್ಥೆ ಇರುವುದರಿಂದ ಬಾಕಿ ಇದ್ದರೆ ದಾಖಲೆಯಲ್ಲಿ ಕಾಣುತ್ತದೆ. ಪಾಸ್‌ಪೋರ್ಟ್ ಇಟ್ಟುಕೊಳ್ಳುವ ಹಕ್ಕು ಕಂಪನಿಗೆ ಇಲ್ಲ. ಆದರೂ "ಸೇಫ್ಟಿಗೆ" ಅಂತ ಇಟ್ಟುಕೊಳ್ಳುವವರು ಇದ್ದಾರೆ, ಅದಕ್ಕೇ ಹೊರಡುವ ಮೊದಲೇ ಎರಡು ಕಲರ್ ಪ್ರತಿ ಮಾಡಿ ಒಂದನ್ನು ಅಮ್ಮನ ಕೈಗೆ ಕೊಡಿ. (ನನ್ನ ಅಂಗಡಿಯಲ್ಲೇ ಮಾಡಿಸಬೇಕೆಂದೇನೂ ಇಲ್ಲ.)

ಪೆಟ್ಟಿಗೆ ಕಟ್ಟುವಾಗ

ಗಸಗಸೆ ಹಾಕಬೇಡಿ. ಅಮ್ಮ ಪಾಯಸಕ್ಕೆ ಅಂತ ಪ್ರೀತಿಯಿಂದ ಕಟ್ಟಿದ ಪೊಟ್ಟಣ ಅಲ್ಲಿ ಮಾದಕ ವಸ್ತು, ಜೈಲಿಗೇ ದಾರಿ. ಎಲೆ ಅಡಿಕೆ, ಗುಟ್ಕಾ ಕೂಡ ಬೇಡ. ನೋವಿನ ಮಾತ್ರೆ, ಕೆಮ್ಮಿನ ಸಿರಪ್ಪುಗಳಲ್ಲಿ ಕೆಲವು ಅಲ್ಲಿ ನಿಷಿದ್ಧ, ಡಾಕ್ಟರ ಚೀಟಿ ಇಲ್ಲದೆ ಏನನ್ನೂ ಒಯ್ಯಬೇಡಿ. "ನಮ್ಮ ಹುಡುಗನಿಗೆ ಕೊಟ್ಟುಬಿಡಿ" ಅಂತ ಯಾರಾದರೂ ಕಟ್ಟಿದ ಪಾರ್ಸೆಲ್ ತಂದರೆ ಅವರ ಎದುರೇ ಬಿಚ್ಚಿ, ಬೇಸರಪಟ್ಟರೆ ಪಡಲಿ.

ಎದೆಯ ಎಕ್ಸ್‌ರೇ ಅನ್ನು ದುಡ್ಡು ಕಟ್ಟುವ ಮೊದಲೇ ಒಮ್ಮೆ ತೆಗೆಸಿ ನೋಡಿ. ಇಲ್ಲಿ ಮೆಡಿಕಲ್ ಪಾಸಾದರೂ ಅಲ್ಲಿ ಇಳಿದ ಮೇಲೆ ಮತ್ತೊಮ್ಮೆ ಮಾಡುತ್ತಾರೆ, ಟಿಬಿ ಕಂಡರೆ ವಾಪಸ್ ಕಳಿಸುತ್ತಾರೆ. ನನ್ನ ಜೊತೆ ವಿಮಾನ ಹತ್ತಿದ ಒಬ್ಬ ಹದಿನೆಂಟನೇ ದಿನಕ್ಕೆ ಊರಲ್ಲಿದ್ದ, ಸಾಲ ಮಾತ್ರ ಹಾಗೇ ಇತ್ತು.

ಮನೆಯವರ ಮೊಬೈಲಿಗೆ ಬೋಟಿಮ್ ಎಂಬ ಕರೆ ಮಾಡುವ ಆ್ಯಪ್ ಹಾಕಿಕೊಟ್ಟು, ಒತ್ತುವುದನ್ನು ಕಲಿಸಿ ಹೊರಡಿ. ಅಲ್ಲಿಂದ ವಾಟ್ಸಾಪಿನಲ್ಲಿ ಮೆಸೇಜು ಹೋಗುತ್ತದೆ, ಕರೆ ಹೋಗುವುದಿಲ್ಲ. ಇದು ಗೊತ್ತಿಲ್ಲದೆ ಮಗ ಫೋನೇ ಮಾಡಲಿಲ್ಲ ಅಂತ ಅತ್ತ ತಾಯಂದಿರು ನನ್ನ ಅಂಗಡಿಗೆ ಬಂದದ್ದಿದೆ.

ಕ್ಯಾಂಪು ಸೋನಾಪುರದಲ್ಲಿ ಅಂತ ಹೇಳಿದರೆ ಹೆಸರು ಕೇಳಿ ಮೋಸ ಹೋಗಬೇಡಿ, ಚಿನ್ನದ ಊರಲ್ಲ ಅದು, ಊರ ಹೊರಗಿನ ಲೇಬರ್ ಕ್ಯಾಂಪುಗಳ ಸಾಲು. ನಮ್ಮ ರೂಮಿನಲ್ಲಿ ಎಂಟು ಜನ, ಎರಡಂತಸ್ತಿನ ಕಬ್ಬಿಣದ ಮಂಚ. ಕೆಳಗಿನದು ಸಿಕ್ಕರೆ ಹಿಡಿದುಕೊಳ್ಳಿ. ಒಂದು ಸ್ಟೀಲ್ ತಟ್ಟೆ, ಲೋಟ, ಬೇಗ ಒಣಗುವ ತೆಳು ಬೈರಾಸ (ಟವೆಲು), ಎಸಿ ಚಳಿಗೆ ಒಂದು ಹೊದಿಕೆ, ಎರಡು ವಾರಕ್ಕಾಗುವಷ್ಟು ಉಪ್ಪಿನಕಾಯಿ. ಕುಚ್ಚಲಕ್ಕಿ ಹೊರಬೇಡಿ, ಮಲಯಾಳಿ ಅಂಗಡಿಗಳಲ್ಲಿ ಸಿಗುತ್ತದೆ. ಬೀಗ ಎರಡು ತನ್ನಿ, ಒಂದು ಪೆಟ್ಟಿಗೆಗೆ, ಒಂದು ಕಪಾಟಿಗೆ, ಕೀಲಿ ಕುತ್ತಿಗೆಯ ದಾರದಲ್ಲಿರಲಿ.